ಜೀವದಯಾಷ್ಟಮಿಯೂ ಮನೆಯೊಳಗಿನ ಹಿಂಸೆಯೂ

ಆಶ್ವಯುಜ ಶುಕ್ಲ ಅಷ್ಟಮಿಯಂದು ಜೀವದಯಾಷ್ಟಮಿಯ ನೋಂಪಿಯನ್ನು ಆಚರಿಸುವುದು ಕನ್ನಡ ನಾಡಿನ ಜೈನರಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ಉಪವಾಸವನ್ನೋ ಏಕಭುಕ್ತವನ್ನೋ ಕೈಗೊಂಡ ಶ್ರಾವಕ ಶ್ರಾವಿಕೆಯರು ಬಸದಿಯಲ್ಲಿ ಅಭಿಷೇಕವನ್ನು ನೋಡಿ, ಯಶೋಧರನ ಕಥೆಯನ್ನು ಕೇಳಿ, ಗಂಧೋದಕವನ್ನು ಮನೆಗೆ ತರುತ್ತಾರೆ. ಮರುದಿನ ಪಾರಣೆ.

ಅಂತಹ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಅದು ನೀರನ್ನು ಸೋಸಿ ಕುಡಿಯುವ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲದ ಮನೆ. ಗೆಡ್ಡೆಗೆಣಸು ಹೊಸ್ತಿಲು ದಾಟದ ಮನೆ. ನಡುಮನೆಯಲ್ಲಿ ಅಜ್ಜಿ ಸಾಮಾಯಿಕಕ್ಕೆ ಕುಳಿತಿದ್ದಾರೆ. ಒಳಕೋಣೆಯಲ್ಲಿ ಒಂಬತ್ತು ವರ್ಷದ ಮೊಮ್ಮಗಳು ಸದ್ದು ಹೊರಡದಂತೆ ಅಳುತ್ತಿದ್ದಾಳೆ. ಅವಳ ತೋಳಿನ ಮೇಲೆ ಕಾಯಿಸಿದ ಸೌಟಿನ ಬರೆ ಇದೆ. ಸೊಸೆಯ ತುಟಿ ಒಡೆದಿದೆ. ಕೇಳಿದವರಿಗೆಲ್ಲ ಬಚ್ಚಲಲ್ಲಿ ಜಾರಿ ಬಿದ್ದೆನೆಂದು ಆಕೆ ಹೇಳುತ್ತಾಳೆ. ಕಳೆದ ಆಷಾಢದಲ್ಲಿಯೂ ಆಕೆ ಬಚ್ಚಲಲ್ಲಿಯೇ ಜಾರಿದ್ದಳು. ಅಜ್ಜಿಗೆ ಎಲ್ಲವೂ ತಿಳಿದಿದೆ. ಹೊಡೆದವನು ಅವರ ಮಗ. ಈ ಮನೆಯಲ್ಲಿ ಅಂದು ಅಷ್ಟಮಿಯ ನೋಂಪಿ ನಡೆಯಿತೇ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಯಶೋಧರನ ಕಥೆ ಈ ಪ್ರಶ್ನೆಗೆ ಬಹಳ ಹತ್ತಿರವಾದುದು. ಜನ್ನ ಕವಿ 1209ರಲ್ಲಿ ಕನ್ನಡದಲ್ಲಿ ಬರೆದ ಈ ಕಾವ್ಯವನ್ನು ಬಲ್ಲವರಿಗೆಲ್ಲ ಹಿಟ್ಟಿನ ಕೋಳಿ ನೆನಪಿರುತ್ತದೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಟ್ಟನು. ರಕ್ತ ಹರಿಯಲಿಲ್ಲ, ಆದರೂ ಕೊಲ್ಲುವ ಸಂಕಲ್ಪವೊಂದರಿಂದಲೇ ತಾಯಿಮಕ್ಕಳಿಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸತ್ತರು. ಕಡೆಗೆ ಕೋಳಿಗಳಾಗಿ, ಯಶೋಧರನ ಮಗನಾದ ಯಶೋಮತಿಯ ಬಾಣಕ್ಕೆ ಗುರಿಯಾಗಿ, ಅವನ ಮಡದಿಯ ಗರ್ಭದಲ್ಲಿಯೇ ಅಭಯರುಚಿ ಅಭಯಮತಿ ಎಂಬ ಅವಳಿ ಮಕ್ಕಳಾದರು. ಆ ಮಕ್ಕಳನ್ನೇ ಮಾರಿದತ್ತನ ತಳವಾರರು ಚಂಡಮಾರಿಯ ಗುಡಿಗೆ ಬಲಿಗಾಗಿ ಹಿಡಿದು ತಂದದ್ದು. ಕಥೆಯನ್ನು ಕೇಳುವವರು ಹಿಟ್ಟಿನ ಕೋಳಿಯ ಬಳಿ ಮರುಗಿ, ಗುಡಿಯ ಮುಂದೆ ನಿಂತ ಆ ಮಕ್ಕಳನ್ನು ಮರೆತುಬಿಡುವುದುಂಟು. ಬಲವುಳ್ಳವರ ಕೈಗೆ ಸಿಕ್ಕ ಇಬ್ಬರು ಮಕ್ಕಳ ಮಾತನ್ನು ಒಬ್ಬನು ನಿಂತು ಕೇಳಿದನು. ಕೇಳಿದುದರಿಂದಲೇ ಕತ್ತಿ ಕೆಳಗಿಳಿಯಿತು. ಇದು ಆ ಕಾವ್ಯದ ಹೊರಚೌಕಟ್ಟಷ್ಟೇ ಅಲ್ಲ. ನೋಂಪಿಯ ತಿರುಳು ಇಲ್ಲಿಯೇ ಇದೆ ಎಂದರೂ ತಪ್ಪಾಗಲಾರದು.

ಅಹಿಂಸಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠಶಾಲೆಯ ಮಕ್ಕಳೂ ಇವನ್ನು ಒಪ್ಪಿಸುತ್ತಾರೆ. ಇವುಗಳನ್ನು ವಿವರಿಸುವಾಗ ಎತ್ತು, ಕುದುರೆ, ಹಸುಗಳ ಉದಾಹರಣೆ ಕೊಡುವುದು ವಾಡಿಕೆ. ಎತ್ತನ್ನು ಕುತ್ತಿಗೆ ಬಿಗಿಯುವಂತೆ ಕಟ್ಟಬಾರದು, ಬಾರುಕೋಲಿನಿಂದ ಹೊಡೆಯಬಾರದು, ಶಕ್ತಿಮೀರಿ ಹೊರೆ ಹೇರಬಾರದು, ಮೇವುನೀರು ತಡೆಯಬಾರದು. ಇದೆಲ್ಲ ಸರಿಯೇ. ಎತ್ತಿಗೆ ಸಲ್ಲುವ ದಯೆ ಸೊಸೆಗೆ ಸಲ್ಲಬಾರದೆಂದು ಮಾತ್ರ ಯಾವ ಶಾಸ್ತ್ರವೂ ಹೇಳಿಲ್ಲ.

ಹೆಂಗಸನ್ನು ಕೋಣೆಯಲ್ಲಿ ಕೂಡಿಹಾಕುವುದು, ತವರಿಗೆ ಹೋಗಗೊಡದಿರುವುದು, ಅವಳ ಫೋನನ್ನು ಕಿತ್ತಿಟ್ಟುಕೊಳ್ಳುವುದು ಬಂಧವಲ್ಲದೆ ಮತ್ತೇನು? ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಆದುದರಿಂದ 'ಕೊಂದೇನೂ ಇಲ್ಲ, ನಾಲ್ಕು ಬಿಗಿದೆನಷ್ಟೇ' ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಮಗುವಿನ ಮೈಗೆ ಬರೆ ಹಾಕುವುದು ಛೇದದ ಸಾಲಿಗೇ ಸೇರುತ್ತದೆ. ಎಂಟು ಹತ್ತು ವರ್ಷದ ಹುಡುಗಿಯ ಮೇಲೆ ಮನೆಯ ಕೆಲಸವನ್ನೆಲ್ಲ ಹೊರಿಸುವುದು, ಬಸುರಿಯಿಂದ ಕೊಡಗಟ್ಟಲೆ ನೀರು ಹೊರಿಸುವುದು ಅತಿಭಾರಾರೋಪಣ. ಐದನೆಯದನ್ನು ಕುರಿತು ವ್ರತೋಪವಾಸಗಳಲ್ಲಿ ಆಸಕ್ತರಾದವರು ವಿಶೇಷವಾಗಿ ಯೋಚಿಸಬೇಕು. ಉಪವಾಸವು ತಾನಾಗಿ ಬಿಟ್ಟ ಆಹಾರ. ಅನ್ನಪಾನನಿರೋಧವು ಇನ್ನೊಬ್ಬರಿಂದ ಕಸಿದ ಆಹಾರ. ಅಂಕ ಕಡಿಮೆ ಬಂತೆಂದು ರಾತ್ರಿಯೆಲ್ಲ ಮಗುವನ್ನು ಹಸಿದಿರಿಸಿದವನು ತಾನು ಚತುರ್ದಶಿಯ ಉಪವಾಸ ಮಾಡಿದರೆ, ಒಂದೇ ತಟ್ಟೆಯನ್ನು ಒಂದು ದಿನ ವ್ರತಕ್ಕಾಗಿ ಸರಿಸಿ, ಇನ್ನೊಂದು ದಿನ ಕ್ರೋಧಕ್ಕಾಗಿ ಸರಿಸಿದಂತಾಯಿತು. ಮಕ್ಕಳನ್ನು ಒತ್ತಾಯದಿಂದ ಉಪವಾಸಕ್ಕೆ ಕೂರಿಸುವ ಹಿರಿಯರೂ ಇದ್ದಾರೆ. ತಪವು ಶಕ್ತಿಗೆ ತಕ್ಕಂತೆ ಇರಬೇಕೆಂಬ ಮಾತು ಷೋಡಶಕಾರಣ ಭಾವನೆಗಳಲ್ಲಿಯೇ ಇದೆಯೆಂಬುದನ್ನು ಅವರು ನೆನೆಯುವುದು ಒಳಿತು.

ಇವೆಲ್ಲಕ್ಕಿಂತ ಘೋರವಾದುದು ಇನ್ನೊಂದಿದೆ. ಮಗುವಿನ ಮೈಯನ್ನು ಕೆಟ್ಟ ದೃಷ್ಟಿಯಿಂದ ಮುಟ್ಟುವ ಪಾಪಕ್ಕೆ ಅತಿಚಾರವೆಂಬ ಹೆಸರು ಸಾಲದು. ಅದು ಅನಾಚಾರ, ವ್ರತದ ಸಂಪೂರ್ಣ ಭಂಗ. ಇಂತಹ ಕೃತ್ಯವನ್ನು ಎಸಗುವವನು ಬಹುಪಾಲು ಮಗುವಿಗೆ ಪರಿಚಿತನೇ: ನಂಟ, ನೆರೆಯವ, ಪಾಠ ಹೇಳುವವ, ಕೆಲವೊಮ್ಮೆ ಮನೆಯವನೇ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ 13 ರಾಜ್ಯಗಳ ಮಕ್ಕಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿದುದಾಗಿ ತಿಳಿಸಿದರು. ಅವರಲ್ಲಿ ಹುಡುಗರೂ ಇದ್ದರು.

'ನಮ್ಮಲ್ಲಿ ಇಂತಹುದಿಲ್ಲ' ಎಂಬ ಮಾತು ಬಸದಿಯ ಜಗಲಿಯ ಮೇಲೆ ಕೇಳಿಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇಕಡ 44ರಷ್ಟು ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದವರು. ಯಾವ ರಾಜ್ಯದಲ್ಲಿಯೂ ಇಷ್ಟು ಇರಲಿಲ್ಲ. ಇಡೀ ದೇಶದಲ್ಲಿ ಹೀಗೆ ಪೆಟ್ಟು ತಿಂದ ಹೆಂಗಸರಲ್ಲಿ ನೆರವನ್ನು ಕೇಳಿದವರು ಶೇಕಡ 14 ಮಾತ್ರ. ಶೇಕಡ 77 ಮಂದಿ ಯಾರಿಗೂ ಬಾಯಿ ಬಿಡಲೇ ಇಲ್ಲ. ಇಂತಹ ಸಂಖ್ಯೆಗಳು ಮತವನ್ನು ನೋಡಿ ಹೊಸ್ತಿಲಾಚೆ ನಿಲ್ಲುವುದಿಲ್ಲ.

ಬಾಯಿ ಬಿಡದಿರುವುದಕ್ಕೆ ಧರ್ಮದ ಹೆಸರನ್ನೇ ಹೇಳುವುದು ನೋವಿನ ಸಂಗತಿ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಇತರರ ದೋಷವನ್ನು ಬೀದಿಗೆ ಎಳೆಯದೆ ಮುಚ್ಚುವುದು ಅದರ ಅರ್ಥವೆಂದು ಹೇಳಿ, ಸೊಸೆಯ ಬಾಯನ್ನೂ ಮಗುವಿನ ಬಾಯನ್ನೂ ಮುಚ್ಚಿಸುವುದುಂಟು. ಆದರೆ ಈ ಅಂಗಕ್ಕೆ ದೃಷ್ಟಾಂತವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಕೊನೆಯವರೆಗೆ ಕೇಳಬೇಕು. ಬ್ರಹ್ಮಚಾರಿಯ ವೇಷದಿಂದ ಶ್ರೇಷ್ಠಿಯ ಮನೆಯ ಜಿನಾಲಯವನ್ನು ಹೊಕ್ಕ ಕಳ್ಳನು ಪಾರ್ಶ್ವನಾಥ ಪ್ರತಿಮೆಯ ಕೊಡೆಯಲ್ಲಿದ್ದ ವೈಡೂರ್ಯವನ್ನು ಕದ್ದು ಓಡುವಾಗ ಕಾವಲುಗಾರರ ಕೈಗೆ ಸಿಕ್ಕುವಂತಾದನು. ಧರ್ಮಕ್ಕೆ ಅಪವಾದ ಬಾರದಿರಲೆಂದು, ಮಣಿಯನ್ನು ತಾನೇ ತರಿಸಿದೆನೆಂದು ಶ್ರೇಷ್ಠಿ ಹೇಳಿದನು. ಕೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಕಥೆ ಮುಂದಕ್ಕೂ ಇದೆ: ಮಣಿ ಶ್ರೇಷ್ಠಿಯ ಕೈಗೆ ಮರಳಿತು, ಆ ರಾತ್ರಿಯೇ ಕಳ್ಳನನ್ನು ಅವನು ಹೊರಗಟ್ಟಿದನು. ಮತ್ತೊಮ್ಮೆ ಕದಿಯಲೆಂದು ಅವನನ್ನು ಜಿನಾಲಯದ ಕಾವಲಿಗೆ ಇಟ್ಟುಕೊಳ್ಳಲಿಲ್ಲ. ಮುಚ್ಚಿದುದು ಮುಗಿದುಹೋದ ಒಂದು ತಪ್ಪನ್ನು. ನಡೆಯುತ್ತಲೇ ಇರುವ ಹಿಂಸೆಯನ್ನು ಅಲ್ಲ. ಕಲ್ಲಿನ ಮಣಿಗೆ ಇಷ್ಟು ಎಚ್ಚರ ಸಲ್ಲುವುದಾದರೆ ಹಸುಳೆಗೆ ಸಲ್ಲಬೇಕಾದುದೆಷ್ಟು?

ಉತ್ತಮ ಕ್ಷಮೆಯ ಮಾತೂ ಹೀಗೆಯೇ. ದಶಲಕ್ಷಣ ಪರ್ವದ ಮೊದಲ ದಿನವೇ ಕ್ಷಮೆ. ಕ್ಷಮೆಯೆಂದರೆ ನೊಂದವಳು ತನ್ನೊಳಗಿನ ಕ್ರೋಧವನ್ನು ಗೆಲ್ಲುವುದು. ಹೊಡೆಯುವವನ ಕೈಗೆ ಮತ್ತೆ ಕೆನ್ನೆಯನ್ನು ಒಡ್ಡಬೇಕೆಂಬ ಕಟ್ಟಳೆ ಅದರಲ್ಲಿ ಇಲ್ಲ. ಹೊಡೆಸಿಕೊಂಡವಳು ಕ್ಷಮಿಸಲೇಬೇಕೆಂದು ಮೂರನೆಯವರು ವಿಧಿಸುವ ಅಧಿಕಾರವಂತೂ ಯಾರಿಗೂ ಇಲ್ಲ.

ಇನ್ನು ಕರ್ಮದ ಮಾತು. 'ಅದು ಅವಳ ಪೂರ್ವಾರ್ಜಿತ, ಅನುಭವಿಸಿಯೇ ತೀರಬೇಕು' ಎಂದು ಹೇಳಿ ಕೈತೊಳೆದುಕೊಳ್ಳುವವರಿಗೆ ಸತಿ ಅಂಜನೆಯ ಚರಿತ್ರೆ ಉತ್ತರ ಕೊಡುತ್ತದೆ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಅದು ವಿಸ್ತಾರವಾಗಿದೆ. ಸಖಿಯೊಬ್ಬಳು ಆಡಿದ ಮಾತಿಗೆ ಮುನಿದ ಪವನಂಜಯನು ಅಂಜನೆಯನ್ನು ಮದುವೆಯಾಗಿಯೂ 22 ವರ್ಷ ತೊರೆದಿದ್ದನು. ಅವನು ಅವಳಿಗೆ ಹೊಡೆಯಲಿಲ್ಲ, ಮಾತನಾಡಿಸಲೇ ಇಲ್ಲ. ಇದೂ ಒಂದು ಹಿಂಸೆಯೆಂದು ಪುರಾಣಕಾರರು ಅರಿತಿದ್ದರು. ಯುದ್ಧಕ್ಕೆ ಹೊರಟಾಗ ಮಾನಸ ಸರೋವರದ ಬಳಿ ಸಂಗಾತಿಯನ್ನಗಲಿದ ಚಕ್ರವಾಕವನ್ನು ಕಂಡು ಮನ ಕರಗಿ, ಗುಟ್ಟಾಗಿ ಮರಳಿ ಬಂದು ಅವಳನ್ನು ಕೂಡಿ ಹೋದನು. ಅವಳು ಗರ್ಭಿಣಿಯಾದಾಗ ಅತ್ತೆ ಕೇತುಮತಿ ನಂಬಲಿಲ್ಲ, ಹೊರಗಟ್ಟಿದಳು. ಅಂಜನೆ ತವರಿಗೆ ಹೋದಳು. ತಂದೆ ಮಹೇಂದ್ರನು ಕುಲಕ್ಕೆ ಕಳಂಕವೆಂದು ಬಾಗಿಲು ಹಾಕಿಸಿದನು. ಅರಸನೇ ಒಲ್ಲದವಳನ್ನು ಬಂಧುಗಳಾರೂ ಒಳಗೆ ಕರೆಯಲಿಲ್ಲ. ಒಂದೊಂದೇ ಬಾಗಿಲು ಮುಚ್ಚುತ್ತ ಹೋದ ಆ ಬೀದಿಯ ನೆನಪು ಇಂದಿಗೂ ಎಷ್ಟೋ ಹೆಣ್ಣುಮಕ್ಕಳಿಗೆ ಪುರಾಣವಲ್ಲ, ಅವರವರ ಊರಿನ ಬೀದಿ.

ಅವಳೊಡನೆ ಉಳಿದವಳು ವಸಂತಮಾಲೆಯೊಬ್ಬಳೇ. ಅವಳಿಗೆ ರಾಜ್ಯವಿರಲಿಲ್ಲ, ಬಲವಿರಲಿಲ್ಲ. ಕಾಡಿನಲ್ಲಿ ಕೈಹಿಡಿದು ನಡೆಸಿದಳು, ಗುಹೆಯಲ್ಲಿ ಎಲೆ ಹಾಸಿ ಮಲಗಿಸಿದಳು. ಆ ಗುಹೆಯಲ್ಲಿ ಅಮಿತಗತಿ ಮುನಿಗಳು ಅಂಜನೆಯ ಪೂರ್ವಜನ್ಮದ ಕರ್ಮವನ್ನು ತಿಳಿಸಿದುದು ನಿಜ. ಆದರೆ ಅದನ್ನು ತಿಳಿಸಿದುದು ಅವಳ ಧೈರ್ಯಕ್ಕಾಗಿ; ಬಾಗಿಲು ಹಾಕಿದವರ ಸಮರ್ಥನೆಗಾಗಿ ಅಲ್ಲ. ನೊಂದವಳ ಕರ್ಮ ಅವಳದು. ಅವಳನ್ನು ಹೊರದೂಡಿದ ಕರ್ಮ ದೂಡಿದವರದು. ಸೋದರಮಾವನಾದ ಪ್ರತಿಸೂರ್ಯನು ಆ ದಾರಿಯಲ್ಲಿ ಬಂದವನು ಅವಳ ಅಳುವನ್ನು ಕೇಳಿ ಗುರುತು ಹಿಡಿದು, ತಾಯಿ ಮಗುಗಳನ್ನು ತನ್ನ ವಿಮಾನದಲ್ಲಿ ಕರೆದುಕೊಂಡು ಹೋದನು. ಅತ್ತೆಯ ಮನೆಯವರ ಒಪ್ಪಿಗೆಗಾಗಿ ಅವನು ಕಾಯಲಿಲ್ಲ. ತವರಿನ ತಂದೆಗಿಂತ ಸೋದರಮಾವನೂ ಅರಸನಿಗಿಂತ ಸಖಿಯೂ ದೊಡ್ಡವರಾದರು.

ತಮ್ಮ ವ್ರತಕ್ಕೆ ಭಂಗ ಬರುವುದೆಂದು ಇತರರ ಸಂಕಟದಿಂದ ದೂರ ನಿಲ್ಲುವವರು ವಾತ್ಸಲ್ಯಾಂಗದ ವಿಷ್ಣುಕುಮಾರ ಮುನಿಗಳನ್ನು ನೆನೆಯಬೇಕು. ಹಸ್ತಿನಾಪುರದಲ್ಲಿ ಬಲಿಯು 700 ಮುನಿಗಳನ್ನು ಹೊಗೆಯಿಂದ ಸುತ್ತುಗಟ್ಟಿ ಹಿಂಸಿಸುತ್ತಿದ್ದಾಗ, ಅವರು ಧ್ಯಾನವನ್ನು ಬಿಟ್ಟೆದ್ದು, ಮುನಿವೇಷವನ್ನೇ ತೊರೆದು ವಾಮನನಾಗಿ ಬಂದು ಆ ಉಪಸರ್ಗವನ್ನು ಪರಿಹರಿಸಿದರು. ಅನಂತರ ಪ್ರಾಯಶ್ಚಿತ್ತ ಪಡೆದರು. ಮಹಾಮುನಿಗಳೇ ತಪಸ್ಸಿನಿಂದ ಎದ್ದಿರುವಾಗ ಗೃಹಸ್ಥನು ಸಾಮಾಯಿಕದಿಂದ ಏಳಲು ಹಿಂಜರಿಯುವುದು ಸಲ್ಲದು.

ಠಾಣೆ, ನ್ಯಾಯಾಲಯಗಳಿಗೆ ಹೋಗುವುದು ಹಿಂಸೆಯಲ್ಲವೇ ಎಂಬ ಸಂದೇಹವೂ ಉಂಟು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆ ನಾಲ್ಕು ಬಗೆ. ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆ. ತನ್ನನ್ನೂ ಆಶ್ರಿತರನ್ನೂ ಕಾಪಾಡಿಕೊಳ್ಳುವಾಗ ಅನಿವಾರ್ಯವಾಗುವ ವಿರೋಧೀ ಹಿಂಸೆಗೂ ಗೃಹಸ್ಥಧರ್ಮದಲ್ಲಿ ಎಡೆಯಿರುವಾಗ, ಆಯುಧವಿಲ್ಲದೆ ರಕ್ಷಣೆಯನ್ನು ಕೋರುವ ಹೆಣ್ಣಿನ ಅಣುವ್ರತಕ್ಕೆ ಯಾವ ಕುಂದೂ ಇಲ್ಲ. ಹೊಡೆಯುವ ಕೈಯನ್ನು ತಡೆದವರು ಆ ಕೈಯವನನ್ನೂ ಹೊಸ ಪಾಪದಿಂದ ತಪ್ಪಿಸಿದಂತಾಗುತ್ತದೆ.

ನೆರವು ಎಲ್ಲಿದೆಯೆಂದು ತಿಳಿಯದೆ ಸುಮ್ಮನಾಗುವವರೂ ಬಹಳ. ಮಕ್ಕಳಿಗಾಗಿ 1098 ಎಂಬ ದೂರವಾಣಿ ಇದೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಸಹಾಯವಾಣಿ ಈಗ ಸರ್ಕಾರದ ಕೈಯಲ್ಲಿದೆ. ಹಗಲು ರಾತ್ರಿ ಯಾವಾಗಲಾದರೂ ಹಣವಿಲ್ಲದೆ ಕರೆ ಮಾಡಬಹುದು. ಮಗುವೇ ಮಾಡಬಹುದು, ನೆರೆಯವರೂ ಮಾಡಬಹುದು. ಹೆಂಗಸರಿಗೆ 181. ಆ ಕ್ಷಣವೇ ಪ್ರಾಣಭಯವಿದ್ದರೆ 112. ಸಖಿ ಎಂಬ ಹೆಸರಿನ ಏಕ ನಿಲುಗಡೆ ಕೇಂದ್ರಗಳು 2015ರಿಂದ ಜಿಲ್ಲೆಗಳಲ್ಲಿ ಆರಂಭವಾಗಿವೆ. ಕೆಲವು ದಿನದ ಆಸರೆ, ವೈದ್ಯರ ನೆರವು, ಕಾನೂನಿನ ಸಲಹೆ ಒಂದೆಡೆಯಲ್ಲಿ ದೊರೆಯಬೇಕೆಂಬುದು ಅವುಗಳ ಉದ್ದೇಶ. ವಸಂತಮಾಲೆಯನ್ನು ಬಲ್ಲವರಿಗೆ ಆ ಹೆಸರು ಹೊಸದೆನಿಸದು.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೊಡೆತ ಮಾತ್ರವಲ್ಲ, ಬೈಗುಳ, ಬೆದರಿಕೆ, ಖರ್ಚಿಗೆ ಕೊಡದಿರುವುದು, ಅವಳ ಒಡವೆಯನ್ನು ಕಸಿಯುವುದು ಕೂಡ ಹಿಂಸೆಯೇ. ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಮನೆ ಯಾರ ಹೆಸರಿನಲ್ಲಿದ್ದರೂ ಅವಳಿಗೆ ಅಲ್ಲಿ ವಾಸದ ಹಕ್ಕಿದೆ. 'ಮನೆ ಬಿಟ್ಟು ನಡೆ' ಎಂಬ ಬೆದರಿಕೆಗೆ ಕಾನೂನಿನ ಬಲವಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂದೆಗೆಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ವರಮಾನವನ್ನು ಲೆಕ್ಕಿಸದೆ ಉಚಿತ ನೆರವು ದೊರೆಯುತ್ತದೆ. ಪ್ರಕರಣಗಳು ತಡವಾಗುವುದು, ಕಚೇರಿಗೆ ಅಲೆಯಬೇಕಾಗುವುದು ಸುಳ್ಳಲ್ಲ. ಸಮಾಜದ ಹಿರಿಯರೊಬ್ಬರು ಜೊತೆಗೆ ಹೋಗಿ ಬೆಂಚಿನ ಮೇಲೆ ಕುಳಿತರೆ ಆ ಅಲೆದಾಟದ ಅರ್ಧ ಭಾರ ಇಳಿಯುತ್ತದೆ. ಸ್ಥಿತೀಕರಣವೆಂಬ ಅಂಗವು ಬಸದಿಯ ಒಳಗಷ್ಟೇ ನಡೆಯುವುದಲ್ಲ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ 2012ರ ಪೋಕ್ಸೋ ಕಾಯಿದೆ ಇದೆ. ಇಂತಹ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿದೂ ಮುಚ್ಚಿಟ್ಟ ವಯಸ್ಕರಿಗೆ ಆರು ತಿಂಗಳವರೆಗೆ ಸೆರೆಯಾಗಬಹುದು. ಹಿರಿಯರು ಕೂಡಿ ಪಂಚಾಯಿತಿಕೆ ಮಾಡಿ ತಪ್ಪುಕಾಣಿಕೆ ಕಟ್ಟಿಸಿ ಮುಗಿಸುವ ವಿಷಯ ಇದಲ್ಲ. ಮಗುವಿನ ಹೆಸರು ಪತ್ರಿಕೆಗಳಲ್ಲಿ ಬರುವಂತಿಲ್ಲ. ಹೇಳಿಕೆಯನ್ನು ಮನೆಯಲ್ಲಿಯೇ ಅಥವಾ ಮಗು ಬಯಸಿದೆಡೆಯಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳೆಯೇ, ಬರೆದುಕೊಳ್ಳಬೇಕು. ಗಾಯವಾಗಿದ್ದರೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ಹಣ ಕೇಳದೆ ಚಿಕಿತ್ಸೆ ಕೊಡಬೇಕು. ಆಸರೆ ಬೇಕಾದ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ 24 ಗಂಟೆಗಳೊಳಗೆ ಕರೆತರುತ್ತಾರೆ.

ಮಗು ಹೇಳಲು ಬಂದಾಗ ಕೇಳುವ ಕ್ರಮವನ್ನು ಹಿರಿಯರು ಕಲಿಯಬೇಕು. ಮಗು ಒಂದೇ ಸಲಕ್ಕೆ ಎಲ್ಲವನ್ನೂ ಹೇಳುವುದಿಲ್ಲ. ಹೊಟ್ಟೆ ನೋವೆನ್ನುತ್ತದೆ, ಆ ಮನೆಗೆ ಹೋಗಲಾರೆನೆನ್ನುತ್ತದೆ, ಹಾಸಿಗೆ ಒದ್ದೆ ಮಾಡತೊಡಗುತ್ತದೆ. ಅರ್ಧ ಮಾತು ಹೊರಬಂದಾಗ 'ಅಯ್ಯೋ, ಯಾರ ಮುಂದೆಯೂ ಹೇಳಬೇಡ' ಎಂದರೆ ಉಳಿದರ್ಧ ಎಂದೆಂದಿಗೂ ಬಾರದು. ನಾಲ್ಕು ಮಂದಿಯ ಮುಂದೆ ನಾಲ್ಕು ಸಲ ಹೇಳಿಸುವುದೂ ಹಿಂಸೆಯೇ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು. ಆ ಮಾತನ್ನು ಉಳಿಸಿಕೊಳ್ಳಲಾಗದು, ಸತ್ಯಾಣುವ್ರತಕ್ಕೂ ಅದು ಊನ.

ಕೈಯೆತ್ತುವವನ ವಿಷಯ ಇನ್ನೊಂದಿಷ್ಟು. ಕುಡಿತವೇ ಕಾರಣವೆಂದು ಅವನ ಪರವಾಗಿ ಹೇಳುವುದುಂಟು. ಮದ್ಯತ್ಯಾಗವು ಶ್ರಾವಕನ ಮೂಲಗುಣವಾಗಿರುವಾಗ ಕುಡಿತವು ಎರಡನೆಯ ದೋಷವೇ ಹೊರತು ಮೊದಲನೆಯದಕ್ಕೆ ನೆಪವಲ್ಲ. ಅವನಿಗೂ ಬಾಗಿಲು ಮುಚ್ಚಿಲ್ಲ. ಆದರೆ ಆಲೋಚನೆಯೆಂದರೆ ಗುರುಗಳ ಮುಂದೆ ತಪ್ಪನ್ನು ಇದ್ದುದಿದ್ದಂತೆ ಒಪ್ಪಿಕೊಳ್ಳುವುದು, ಪ್ರತಿಕ್ರಮಣವೆಂದರೆ ಅದರಿಂದ ಹಿಂದಕ್ಕೆ ಸರಿಯುವುದು. ಹತ್ತು ಉಪವಾಸ ಮಾಡಿ ಹನ್ನೊಂದನೆಯ ದಿನ ಮತ್ತೆ ಕೈಯೆತ್ತಿದರೆ ಅದು ಪ್ರಾಯಶ್ಚಿತ್ತವಾಗದು. ಪವನಂಜಯನು ಪಶ್ಚಾತ್ತಾಪಪಟ್ಟಾಗ ಹುಡುಕುತ್ತ ಕಾಡಿಗೆ ಹೋದನು. ಅಂಜನೆಯನ್ನು ಹಿಡಿದು ತರಲು ದೂತರನ್ನು ಕಳುಹಲಿಲ್ಲ.

ಮೊದಲು ಕಂಡ ಆ ಮನೆಗೆ ಮರಳಬಹುದು. ಅಜ್ಜಿಯ ಸಂಕಟ ಸಣ್ಣದಲ್ಲ. ಹೆತ್ತ ಮಗ ಒಂದು ಕಡೆ. ಮಾಘದಲ್ಲಿ ಕಿರಿಯ ಮಗಳ ಮದುವೆ ಆಗಬೇಕಾಗಿದೆ. ಸಂಬಂಧ ಮುರಿದರೆ ಯಾರು ಹೊಣೆ? ಆದರೂ ಅವರು ಸಾಮಾಯಿಕದಿಂದ ಎದ್ದು ಒಳಕೋಣೆಗೆ ಹೋಗುತ್ತಾರೆ. ಬರೆಯ ಮೇಲೆ ತಣ್ಣೀರು ಹಾಕುತ್ತಾರೆ. 'ತಪ್ಪು ನಿನ್ನದಲ್ಲ ಮಗಾ, ಹೇಳಿದ್ದು ಒಳ್ಳೆಯದಾಯಿತು' ಎನ್ನುತ್ತಾರೆ. ಸೊಸೆಯ ಅಣ್ಣನಿಗೆ ಆ ರಾತ್ರಿಯೇ ತಾವೇ ಫೋನು ಮಾಡಿಸುತ್ತಾರೆ, ಬೆಳಗಾಗುತ್ತಲೇ 1098ಕ್ಕೆ. ಸೋದರಮಾವ ಮೊದಲ ಬಸ್ಸಿಗೆ ಬರುತ್ತಾನೆ. ನವಮಿಯ ಪಾರಣೆಗೆ ಮಾಡಿದ ಅನ್ನವನ್ನು ಅಜ್ಜಿ ಮೊದಲು ಮೊಮ್ಮಗಳ ತಟ್ಟೆಗೆ ಬಡಿಸುತ್ತಾರೆ, ಅನಂತರ ಸೊಸೆಗೆ. ಸಹಾಯವಾಣಿಯವರು ಬಂದು, ಕೇಳಿ, ಬರೆದುಕೊಂಡು ಹೋಗುವ ವೇಳೆಗೆ ಮಧ್ಯಾಹ್ನವಾಗುತ್ತದೆ. ಅಜ್ಜಿ ಪಾರಣೆಗೆ ಕೂರುವುದು ಅವರು ಹೋದ ಮೇಲೆ.